ಎಂಟು ನಾಯಿಕೆಯರ ಪಾಠ

ಭಾಲ್ಕಿಯ ಕಾಲೇಜಿನಲ್ಲಿ ನಮಗೆ ಕಾವ್ಯಮೀಮಾಂಸೆ ಕಲಿಸುತ್ತಿದ್ದ ಸರ್, ಹಳೆಯ ಕಾವ್ಯಗಳ ಎಂಟು ಬಗೆಯ ನಾಯಿಕೆಯರನ್ನು ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. "ಜಗತ್ತಿನ ಹೆಂಗಸರೆಲ್ಲಾ ಈ ಎಂಟರೊಳಗ ಬಂದ್ರು ನೋಡ್ರಿ. ನಮ್ಮ ಮನಿಯಾಕಿ ಒಬ್ಬಾಕಿನ ಎಂಟೂ ಆಗ್ತಾಳ," ಎಂದು ಪ್ರತಿಸಲವೂ ನಗಿಸುತ್ತಿದ್ದರು.

ಅಂದು ಖಂಡಿತೆಯ ಪಾಠ. ಬೇರೊಬ್ಬಳ ಉಗುರಿನ ಗುರುತು ಹೊತ್ತು ಬೆಳಗ್ಗೆ ಮನೆಗೆ ಬಂದ ಗಂಡನ ಮೇಲೆ ಸಿಟ್ಟಾಗುವವಳು ಆಕೆ. ಹಲಬರ್ಗಾದಿಂದ ಬರುತ್ತಿದ್ದ ನನ್ನ ಗೆಳತಿ ಎದ್ದು ನಿಂತಳು.

"ಗುರುತು ಹೆಂಡ್ತಿ ಮೈಮ್ಯಾಲ ಇದ್ರ ಆಕಿ ಯಾವ ನಾಯಿಕಿರಿ ಸರ? ಗಂಡ ಹೊಡದದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ ನಗಲಿಲ್ಲ.

"ಯಾರ ಬಗ್ಗಿ ಕೇಳಲತ್ತಿ, ತಂಗಿ?"

"ನಮ್ಮ ಅವ್ವಂದ್ರಿ."

ಸಂಜೆ ನಮ್ಮಿಬ್ಬರ ಜೊತೆ ಸರ್ ಹಲಬರ್ಗಾದ ಬಸ್ಸು ಹತ್ತಿದರು. ಗೆಳತಿಯ ಅವ್ವ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡು ಚಹಾ ಕೊಟ್ಟಳು. ಗಂಡ ಎದುರಿಗೇ ಕೂತಿದ್ದ. ಮಗಳು ಕ್ಲಾಸಿನಲ್ಲಿ ಹೇಳಿದ್ದನ್ನು ಸರ್ ಮೆಲ್ಲಗೆ ಎತ್ತಿದರು.

"ಹುಡುಗಿ ಸುಳ್ಳ ಹೇಳ್ಯಾಳ್ರಿ ಸರ," ಎಂದಳು ಅವ್ವ.

ಸರ್ ಚಹಾ ಕುಡಿದು ಎದ್ದರು.

ಮರುದಿನದಿಂದ ಗೆಳತಿ ಕಾಲೇಜಿಗೆ ಬರಲಿಲ್ಲ, ಅಪ್ಪ ಬಿಡಿಸಿದ್ದ. ಸರ್ ಮಾತ್ರ ವರ್ಷ ಮುಗಿಯುವವರೆಗೂ ಹಾಜರಿಯಲ್ಲಿ ಅವಳ ಹೆಸರು ಕೂಗುತ್ತಿದ್ದರು. ಕೂಗಿ, ಉತ್ತರ ಬರುವಷ್ಟು ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಿದ್ದರು.