ನನಗೆ ನೆನಪಿಲ್ಲದ ಆ ಮಧ್ಯಾಹ್ನ

ಮಗಳಿಗೆ ಆಗ ಆರು ವರ್ಷ. ಹೆಂಡತಿ ತನ್ನ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ತವರಿಗೆ ಹೋಗಿದ್ದಳು. ಕೊಳ್ಳೇಗಾಲದ ಮನೆಯಲ್ಲಿ ನಾವಿಬ್ಬರೇ. ಆ ಭಾನುವಾರ ಹನೂರಿನಲ್ಲಿ ಬೀಗರೂಟ. ಮೊದಲು ನನ್ನ ಪಕ್ಕದ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಗೆಳೆಯ ಕರೆದಿದ್ದ. ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋದೆ.

ಹಿತ್ತಲ ಹುಣಸೆಮರದ ಕೆಳಗೆ ನಾಲ್ಕೈದು ಜನ ಕೂತೆವು. ಮೂರನೆಯ ಲೋಟ ಕೈಗೆ ಬಂದದ್ದು ನೆನಪಿದೆ. ಅಂಗಳದಲ್ಲಿ ಮಗಳು ಕುಂಟೆಬಿಲ್ಲೆ ಆಡುತ್ತಿದ್ದದ್ದು ನೆನಪಿದೆ. ಮುಂದಿನದು ಇಲ್ಲ.

ಎದ್ದಾಗ ಸೋಮವಾರ ಬೆಳಗಾಗಿತ್ತು. ನಮ್ಮ ಮನೆಯಲ್ಲೇ ಇದ್ದೆ. ಬಾಗಿಲಿಗೆ ಒಳಗಿನಿಂದ ಅಗುಳಿ, ಅಂಗಿ ಮೊಳೆಯ ಮೇಲೆ. ಹಲ್ಲುಜ್ಜುತ್ತಾ, "ಏಳವ್ವಾ, ಸ್ಕೂಲ್‌ಗೆ ಟೈಮಾಯ್ತು" ಎಂದು ಕೂಗಿದೆ. ಅವಳ ಹಾಸಿಗೆ ಸುತ್ತಿಟ್ಟ ಹಾಗೇ ಇತ್ತು.

ಬಚ್ಚಲು, ಮಗ್ಗದ ಗುಂಡಿ, ಅಟ್ಟ ಎಲ್ಲಾ ನೋಡಿದೆ. ಬೈಕಿನ ಹತ್ತಿರ ಹೋದರೆ ಪಕ್ಕದ ಚೀಲದಲ್ಲಿ ಅವಳ ಒಂದು ಚಪ್ಪಲಿ. ಒಂದೇ. ಗೆಳೆಯನಿಗೆ ಫೋನ್ ಮಾಡಿದೆ.

"ಮಗೀನ ನೀನೇ ಕೂರಿಸ್ಕಂಡು ಓದಲ್ಲೋ! ಎಲ್ರಿಗೂ ಕೈ ಮುಗ್ದು, ಬತ್ತೀನಿ ಅಂತ ಯೋಳಿ ಓದೆ. ಯಾಕ್ಲಾ, ಏನಾಯ್ತು?"

ನಾನು ಫೋನಿಟ್ಟೆ. ಹೆಂಡತಿಗೆ ಮಾಡುವ ಧೈರ್ಯ ಬರಲಿಲ್ಲ. ಬೈಕ್ ಹತ್ತಿ ಹನೂರಿನ ರಸ್ತೆ ಹಿಡಿದೆ. ರಸ್ತೆಯಂಚಿನ ಪ್ರತಿ ಮೋರಿಯ ಹತ್ತಿರವೂ ನಿಲ್ಲಿಸಿ ಇಳಿದು ಬಗ್ಗಿ ನೋಡಿದೆ. ಕಾಮಗೆರೆ ದಾಟಿದ ಮೇಲೆ ಪೊದೆಯೊಂದರಲ್ಲಿ ಏನೋ ಕೆಂಪು ಬಟ್ಟೆ ಕಂಡಿತು. ಅವಳು ಹಾಕಿದ್ದು ಕೆಂಪು ಲಂಗ. ಹತ್ತಿರ ಹೋಗಿ ಕೋಲಿನಿಂದ ಎಳೆದೆ. ಹರಿದ ಸೀರೆಯ ತುಂಡು ಅದು. ಅಲ್ಲೇ ಕೂತುಬಿಟ್ಟೆ.

ಆಗ ಫೋನ್ ಹೊಡೆದುಕೊಂಡಿತು. ಯಳಂದೂರಿನ ನನ್ನ ಅಕ್ಕ.

"ಇವ್ಳು ಬೆಳಗ್ಗಿಂದ ಅಪ್ಪ ಅಪ್ಪ ಅಂತಾವ್ಳೆ ಕಣ್ಲಾ. ಯಾವಾಗ ಬತ್ತೀಯಾ?"

ಬೈಕನ್ನು ಯಳಂದೂರಿನ ಕಡೆ ತಿರುಗಿಸಿದೆ.

ಹಿಂದಿನ ದಿನ ಹನೂರಿನಿಂದ ಕೊಳ್ಳೇಗಾಲ ದಾಟಿ ಯಳಂದೂರಿನವರೆಗೆ ನಾನೇ ಓಡಿಸಿಕೊಂಡು ಹೋಗಿದ್ದೆ. ಅಕ್ಕ ಹೇಳಿದಳು: "ಮಾತೆಲ್ಲಾ ಸರ್ಯಾಗೇ ಆಡ್ದೆ. ಕೆಮ್ಮಿನ ಔಸ್ತಿ ಎಷ್ಟು ಕುಡುಸ್ಬೇಕು ಅಂತಾನೂ ಯೋಳ್ದೆ. ಚಪ್ಪಲಿ ಕಿತ್ತೋಗದೆ, ಒಲಿಸ್ಕಂಡು ಬತ್ತೀನಿ ಅಂದೆ. ವಾಸ್ನೆ ಬತ್ತಿತ್ತು, ಆದ್ರೆ ಇಷ್ಟು ಕುಡ್ದಿದ್ದೆ ಅಂತ ಗೊತ್ತಾಗ್ನಿಲ್ಲ ಕಣ್ಲಾ."

ಮಗಳನ್ನು ಕರೆದುಕೊಂಡು ಬರುವಾಗ ಕಾಲುವೆಯ ಹತ್ತಿರ ಅವಳು ಕೈ ತೋರಿಸಿದಳು. "ನೆನ್ನೆ ಆ ಕಟ್ಟೆ ಮ್ಯಾಲೆ ನನ್ನ ಕೂರ್ಸಿ ನೀನು ಕೆಳಕ್ಕಿಳ್ದು ಮೊಕ ತೊಳ್ಕಂಡೆ. ಕರುದ್ರೂ ಬೇಗ ಬರ್ನಿಲ್ಲ."

ಕಾಲುವೆ ತುಂಬಿ ಹರಿಯುತ್ತಿತ್ತು. ಕಟ್ಟೆ ಮೊಣಕಾಲೆತ್ತರ. ನಾನು ಬೈಕ್ ನಿಲ್ಲಿಸಲಿಲ್ಲ, ಆ ಕಡೆ ನೋಡಲೂ ಇಲ್ಲ.

ಆ ವಾರವೇ ಅಕ್ಕನೇ ಜೊತೆಗೆ ಬಂದು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಐದು ಪದ ಹೇಳಿ, ಬೇರೆ ಏನೇನೋ ವಿಚಾರಿಸಿ, ಮತ್ತೆ ಆ ಪದಗಳನ್ನು ಕೇಳಿದರು. ನನಗೆ ಬಂದದ್ದು ಎರಡು. "ಅವತ್ತು ನಿಮಗೆ ಪ್ರಜ್ಞೆ ತಪ್ಪಿರಲಿಲ್ಲ. ನಡೆದ್ರಿ, ಮಾತಾಡಿದ್ರಿ. ಆದ್ರೆ ಅದ್ಯಾವುದೂ ಮೆದುಳಲ್ಲಿ ಉಳೀಲಿಲ್ಲ. ಎಷ್ಟು ಯೋಚನೆ ಮಾಡಿದ್ರೂ ವಾಪಸ್ ಬರಲ್ಲ. ಹೀಗೇ ಕುಡೀತಾ ಹೋದ್ರೆ ಕುಡೀದೇ ಇರೋ ದಿನಾನೂ ನೆನಪು, ಲೆಕ್ಕ ಕೈಕೊಡುತ್ತೆ" ಎಂದರು. ಎರಡು ವರ್ಷದಿಂದ ಸೀರೆಯಂಚಿನ ಎಳೆಗಳ ಲೆಕ್ಕ ನನಗೆ ತಪ್ಪುತ್ತಿತ್ತು. ಕಣ್ಣಿನ ದೋಷವೆಂದುಕೊಂಡು ಎರಡು ಸಲ ಕನ್ನಡಕ ಬದಲಿಸಿದ್ದೆ.

ಕುಡಿತ ಬಿಟ್ಟೆ. ಸುಲಭವಾಗಿ ಅಲ್ಲ, ಮೊದಲ ತಿಂಗಳು ಎರಡು ಸಲ ಆಸ್ಪತ್ರೆ ಸೇರಬೇಕಾಯಿತು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಆದರೆ ಎಷ್ಟೋ ತಿಂಗಳು ಮಗಳನ್ನು ನನ್ನ ಬೈಕ್ ಹತ್ತಿಸಲಿಲ್ಲ. ಎಳೆಗಳ ಲೆಕ್ಕ ನಿಧಾನವಾಗಿ ಮುಕ್ಕಾಲುಪಾಲು ಮರಳಿತು.

ಮಗಳು ಈಗ ಹೈಸ್ಕೂಲು. ಹೋದ ತಿಂಗಳು ಧೈರ್ಯ ಮಾಡಿ ಕೇಳಿದೆ, ಅವತ್ತು ದಾರಿಯಲ್ಲಿ ಇನ್ನೇನಾಯಿತು ಎಂದು.

"ಯಾವತ್ತಪ್ಪಾ?" ಅಂದಳು. ಅವಳಿಗೆ ಏನೂ ನೆನಪಿರಲಿಲ್ಲ. ಇನ್ನು ಕೇಳಲು ಯಾರೂ ಇಲ್ಲ.