ತೊಟ್ಟಿಲ ಕೊಂಡಿಗೆ ಕಟ್ಟಿದ ಹಗ್ಗ

ಬಸ್ಸಿನ ಚಾವಣಿಗೆ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿತ್ತು. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಹೊರಡು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರಾಗಿ ಆ ಹಗ್ಗ ಎಳೆದವಳು ನಾನು. ಆ ದಾರಿಗೆಲ್ಲ ನನ್ನ ಬಾಯಿ ಗೊತ್ತು. ಮೆಟ್ಟಿಲ ಮೇಲೆ ನೇತಾಡುವ ಗಂಡಸರಿಗೆ, "ಒಳಗೆ ಬರ್ರಿ, ಬಾಗ್ಲೇನು ನಿಮ್ಮಾವನ ಮನೆ ಜಗಲಿಯಾ?" ಎಂದು ಗದರಿಸಿದರೆ ಮೀಸೆ ಹೊತ್ತವರೂ ತೆಪ್ಪಗೆ ಒಳಗೆ ಬರುತ್ತಿದ್ದರು. ದುರ್ಗದ ಡಾಕ್ಟರು ಕ್ಯಾನ್ಸರ್ ಎಂದು ಹೇಳಿ, ನನ್ನ ಬಲಗಡೆಯ ಮೊಲೆಯನ್ನು ಪೂರ್ತಿ ತೆಗೆಯಬೇಕು, ಕಂಕುಳಿನ ಗಂಟುಗಳನ್ನೂ ತೆಗೆಯಬೇಕು ಎಂದಾಗ ನಾನು ಮೊದಲು ಕೇಳಿದ್ದು ಜೀವದ ಬಗ್ಗೆ ಅಲ್ಲ.

"ಸಾರ್, ಕೈ ಮೇಲಕ್ಕೆ ಹೋಗತ್ತಾ?" ಎಂದೆ.

"ಹೋಗುತ್ತೆ. ಆದ್ರೆ ದಿನಾ ಎತ್ತಬೇಕು. ನೋವು ಅಂತ ಸುಮ್ನಿಟ್ರೆ ಭುಜ ಬಿಗಿದುಕೊಂಡುಬಿಡುತ್ತೆ" ಎಂದರು.

ಡಿಪೋದವರು ಒಳ್ಳೆಯ ಮಾತನ್ನೇ ಹೇಳಿದರು. ಕೈ ಏಳದಿದ್ದರೆ ಚಿಂತೆ ಬೇಡ, ಆಫೀಸಿನಲ್ಲಿ ಕುರ್ಚಿ ಕೊಡುತ್ತೇವೆ ಎಂದರು. ನನಗೆ ಕುರ್ಚಿ ಎಂದರೆ ಜೈಲು. ದಿನಕ್ಕೆ ಎಷ್ಟೋ ಜನರ ಜೊತೆ ಜಗಳ ಆಡುತ್ತ, ಅವರ ಮಕ್ಕಳ ಕೆನ್ನೆ ಹಿಂಡುತ್ತ ಓಡಾಡಿದವಳು ಫೈಲಿನ ಮುಂದೆ ಹೇಗೆ ಕೂರಲಿ? ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಗಂಡ ಭೀಮಸಮುದ್ರದ ಅಡಿಕೆ ವ್ಯಾಪಾರಿಯ ಹತ್ತಿರ ತೂಕ ಮಾಡುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಇನ್ನು ಉಳಿದವರು ಅತ್ತೆ.

ಅತ್ತೆ ಆದಿವಾಲದ ಕಡೆಯವರು, ಕುರಿ ಮೇಯಿಸಿ ಬೆಳೆದವರು. ಹೊಳಲ್ಕೆರೆಯಲ್ಲಿ ನಾವು ಮನೆ ಕಟ್ಟಿಸಿದಾಗ ಗಾರೆ ಕೆಲಸದವನ ಹಿಂದೆ ನಿಂತು ನಡುಮನೆಯ ಸೂರಿಗೆ ತೊಟ್ಟಿಲು ಕಟ್ಟುವ ಕೊಂಡಿ ಹಾಕಿಸಿದ್ದರು. ನನಗೆ ಮಕ್ಕಳಾಗಲಿಲ್ಲ. ಒಂದು ಸಲ ಪಕ್ಕದ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಹೆಂಗಸರ ನಡುವೆ ಕುಳಿತು ಅವರು, "ನಮ್ಮನೇಲಿ ಕೊಂಡಿ ಐತೆ, ತೊಟ್ಲು ತುಂಬೋರಿಲ್ಲ" ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಬಸ್ಸಿನಲ್ಲಿ ಅಷ್ಟು ಬಾಯಿ ಮಾಡುವವಳಿಗೆ ಅವತ್ತು ಒಂದು ಮಾತೂ ಹೊರಡಲಿಲ್ಲ. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಊಟ ಆತಾ, ನಲ್ಲಿ ಬಂತಾ ಅನ್ನುವಷ್ಟೇ ಮಾತು.

ಆಪರೇಷನ್ನಿಗೆ ಎರಡು ವಾರ ಮುಂಚೆ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ದಿನಾ ಬಳಸುವ ಸಾಮಾನನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಡಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಇರಲಿ, ತಲೆ ಮೇಲಿಂದ ಹಾಕುವಂಥದ್ದು ಬೇಡ. ಕಂಕುಳ ಕೆಳಗೆ ಇಟ್ಟುಕೊಳ್ಳಲು ಸಣ್ಣ ದಿಂಬು ಬೇಕು. ಗಾಯದಿಂದ ಒಸರುವ ನೀರು ಇಳಿಯಲು ಕೊಳವೆ ಇಟ್ಟಿರುತ್ತಾರೆ, ಹೆದರಬೇಡಿ. ಆಮೇಲೆ ಗೋಡೆಗೆ ಬೆರಳು ಹತ್ತಿಸುವುದು, ಕೊಂಡಿಗೆ ಹಗ್ಗ ಹಾಕಿ ಎಳೆಯುವುದು, ಎಲ್ಲ ವ್ಯಾಯಾಮ ಮಾಡಿ ತೋರಿಸಿದರು. ನನ್ನ ಕಿವಿಗೆ ಅರ್ಧವೂ ಬೀಳಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ಬೆಂಚಿನ ಮೇಲೆ ಕುಳಿತು ತೂಕಡಿಸುತ್ತಿದ್ದಾರೆ ಅಂದುಕೊಂಡೆ.

ಮರುದಿನ ಡ್ಯೂಟಿ ಮುಗಿಸಿ ಬಂದರೆ ಉಪ್ಪಿನ ಡಬ್ಬಿ, ಕಾಫಿಪುಡಿ, ಬಾಚಣಿಗೆ, ಕನ್ನಡಿ ಎಲ್ಲ ಕೆಳಗೆ ಇಳಿದಿದ್ದವು. ಗಂಡನ ಹಳೆಯ ಅಂಗಿಗಳು ನಾಲ್ಕು, ಒಗೆದು ಮಡಿಸಿ ನನ್ನ ಮಂಚದ ಮೇಲಿದ್ದವು. ಬೂರುಗದ ಅರಳೆ ತುಂಬಿದ ಪುಟ್ಟ ದಿಂಬು ಇತ್ತು, ಕಂಕುಳಿಗೆ ಹೊಂದುವ ಹಾಗೆ ಒಂದು ಕಡೆ ತೆಳ್ಳಗೆ. ಅತ್ತೆ ಒಲೆಯ ಮುಂದೆ ಏನೂ ಗೊತ್ತಿಲ್ಲದವರಂತೆ ಮುದ್ದೆ ತೊಳಸುತ್ತಿದ್ದರು.

ಆಪರೇಷನ್ ದಿನ ಬೆಳಿಗ್ಗೆ ಬಳೆ ತೆಗೆಯಬೇಕು ಎಂದರು. ಒಡೆದು ತೆಗೆಯುತ್ತಾರೇನೋ ಎಂದು ಕೈ ಹಿಂದಕ್ಕೆ ಎಳೆದುಕೊಂಡೆ. ಅತ್ತೆ ಸೋಪು ಹಚ್ಚಿ, ಒಂದೂ ಒಡೆಯದಂತೆ ನುಣ್ಣಗೆ ಜಾರಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ನನ್ ಸೆರಗಿನಾಗೆ ಇರ್ತಾವೆ, ಹೋಗಿ ಬಾ" ಎಂದರು, ಕುರಿಗೆ ಹುಲ್ಲು ತರಲು ಕಳಿಸಿದಷ್ಟು ಸಲೀಸಾಗಿ.

ಐದನೆಯ ದಿನ ಮನೆಗೆ ಬಂದೆ. ಪಕ್ಕೆಯಿಂದ ಎರಡು ಕೊಳವೆ ಇಳಿಬಿದ್ದು, ಅವುಗಳ ತುದಿಗೆ ಒಂದೊಂದು ಡಬ್ಬಿ. ಕೋಣೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮಂಚದ ಕೆಳಗೆ ಕೆಂಡದ ಬಾಣಲೆ. ಸಾಂಬ್ರಾಣಿ ಹೊಗೆ. ತಲೆಗೆ ಕಟ್ಟಲು ಬಟ್ಟೆ, ಕಿವಿಗೆ ಇಡಲು ಹತ್ತಿ, ತಟ್ಟೆಯಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ. ಅದು ಬಾಣಂತಿಯ ಕೋಣೆ. ಹೆರದವಳಿಗೆ, ಮೊಲೆ ಕಳೆದುಕೊಂಡು ಬಂದವಳಿಗೆ ಬಾಣಂತಿಯ ಕೋಣೆ!

ನನ್ನ ಸಿಟ್ಟು ನೆತ್ತಿಗೇರಿತು. "ಏನ್ರೀ ಅತ್ತೆ, ಆಡ್ಕಳಾಕೆ ಇದೇ ಹೊತ್ತು ಸಿಕ್ತಾ? ಹಾಲು ಬರ್ಲಿ ಅಂತ ಸಬ್ಬಸಿಗೆ ತಿನ್ನಿಸ್ತಾರೆ. ನಂಗ್ಯಾಕ್ರೀ? ಇನ್ನೇನು ಉಳಿದೈತೆ ಅಂತ?" ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅತ್ತೆ ಪಲ್ಯದ ತಟ್ಟೆ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ನಂಗೆ ಬ್ಯಾರೆ ಏನು ಬರ್ತತವ್ವಾ?" ಎಂದರು. "ನಾಕು ಹೆಣ್ಮಕ್ಕಳ ಬಾಣಂತನ ಮಾಡಿದೀನಿ. ನೊಂದಿರೋ ಹೆಣ್ಣಿನ ಮೈ ನೋಡ್ಕಳೋದು ನಂಗೆ ಗೊತ್ತಿರೋದು ಇದೊಂದೇ."

ನಾನು ಮಂಚದ ಮೇಲೆ ಕುಸಿದು ಕುಳಿತು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ನನ್ನ ತಲೆಗೆ ಬಟ್ಟೆ ಕಟ್ಟಿದರು. ಕಟ್ಟಿಸಿಕೊಂಡೆ.

ಡ್ರೆಸ್ಸಿಂಗ್ ಬದಲಿಸಲು ಆಸ್ಪತ್ರೆಗೆ ಹೋದಾಗ ನರ್ಸಮ್ಮ ಎಲ್ಲ ಕೇಳಿ, "ಅಜ್ಜಿ, ಕೆಂಡ ಬೇಡ, ಹೊಗೆ ಬೇಡ. ಕೊಳವೆ ತೆಗೆಯೋವರೆಗೂ ಮೈಮೇಲೆ ನೀರು ಹುಯ್ಯಂಗಿಲ್ಲ" ಎಂದರು. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು. ಪಟ್ಟಿ ಬಿಚ್ಚಿದಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಗಂಡ ಆಚೆ ಹೋದರು. ಅತ್ತೆ ಮಾತ್ರ ಬಗ್ಗಿ, ಕಣ್ಣು ಕಿರಿದು ಮಾಡಿ, ನಿಧಾನವಾಗಿ ನೋಡಿದರು. "ಚಂದಾಗಿ ಹೊಲ್ದಾರೆ ಕಣೇ. ಕಂಬ್ಳಿ ಪಟ್ಟಿ ಜೋಡ್ಸಿದಂಗೆ ಐತೆ. ನೋಡ್ಕ, ಏನಾಗಲ್ಲ" ಎಂದರು. ಅವರು ನೋಡಿದ್ದರಿಂದಲೇ ನಾನೂ ನೋಡಿದೆ.

ಡಬ್ಬಿಗಳಿಗೆಂದು ಅವರೇ ಕೈಹೊಲಿಗೆ ಹಾಕಿ ಎಡ ಹೆಗಲಿಗೆ ನೇತುಹಾಕುವ ಚೀಲ ಮಾಡಿದರು. "ತಗಾ, ನಿನ್ ಟಿಕೆಟ್ ಬ್ಯಾಗು" ಎಂದಾಗ ನಗು ಬಂದು ಹೊಲಿಗೆಯೆಲ್ಲ ಚುರ್ ಎಂದಿತು. ದಿನಾ ಬೆಳಿಗ್ಗೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. "ಮೊದ್ಲು ಕೆಂಪು, ಆಮ್ಯಾಕೆ ತೆಳ್ಳಗಾಗಿ, ಆಮ್ಯಾಕೆ ತಿಳಿ ಆಗ್ತತೆ. ಹೆತ್ತ ಮೈಯೂ ಹಿಂಗೇ ತಿಳಿಯಾಗೋದು. ತಿಳಿ ಆತು ಅಂದ್ರೆ ಒಳಗೆ ಕೂಡ್ಕಂತು ಅಂತ." ಹಾಗೇ ಆಯಿತು. ಡಾಕ್ಟರು ಕೊಳವೆ ತೆಗೆಯುವಾಗ ಹೇಳಿದ್ದೂ ಅದನ್ನೇ. ಸ್ಲೇಟು ಹಿಡಿಯದ ಈ ಮುದುಕಿಯ ತಲೆಯಲ್ಲಿ ಇಷ್ಟೆಲ್ಲ ಎಲ್ಲಿತ್ತು? ಒಂದೇ ಸೂರಿನಡಿ ಇಷ್ಟು ವರ್ಷ ಇದ್ದೂ ನಾನು ಈ ಹೆಂಗಸನ್ನು ನೋಡೇ ಇರಲಿಲ್ಲ.

ಕೈ ಮಾತ್ರ ಏಳಲಿಲ್ಲ. ಗೋಡೆಗೆ ಬೆರಳು ಹತ್ತಿಸಿದರೆ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಕಂಕುಳಿನಿಂದ ಮೊಣಕೈವರೆಗೆ ಒಳಗೊಂದು ತಂತಿ ಬಿಗಿದಂತೆ ನೋವು. ನಾಲ್ಕು ದಿನ ಹಲ್ಲು ಕಚ್ಚಿ ಮಾಡಿದೆ, ಐದನೆಯ ದಿನ ಬಿಟ್ಟೆ. "ಆ ಕುರ್ಚೀನೇ ಗತಿ ನಂಗೆ" ಎಂದು ಮಲಗಿಬಿಟ್ಟೆ.

ಆ ದಿನ ಮಧ್ಯಾಹ್ನ ನಡುಮನೆಯಲ್ಲಿ ಸದ್ದಾಯಿತು. ಎದ್ದು ನೋಡಿದರೆ ಅತ್ತೆ ಸ್ಟೂಲಿನ ಮೇಲೆ ನಿಂತಿದ್ದಾರೆ! ತಮ್ಮ ಹಳೆಯ ಸೀರೆ ಹರಿದು ಹೊಸೆದ ಹಗ್ಗವನ್ನು ತೊಟ್ಟಿಲ ಕೊಂಡಿಯೊಳಗೆ ತೂರಿಸುತ್ತಿದ್ದರು. ಎರಡು ತುದಿಗೂ ಹಿಡಿಯಲು ಗಂಟು. ನಾನು ಮರೆತೇಬಿಟ್ಟಿದ್ದ ನರ್ಸಮ್ಮನ ಮಾತು, ತೂಕಡಿಸುತ್ತಿದ್ದಾರೆ ಅಂದುಕೊಂಡವರಿಗೆ ನೆನಪಿತ್ತು.

ಕೆಳಗಿಳಿದು, ಏದುಸಿರು ಬಿಡುತ್ತ, ಒಂದು ತುದಿ ನನ್ನ ಬಲಗೈಗೆ, ಒಂದು ತುದಿ ಎಡಗೈಗೆ ಕೊಟ್ಟರು.

"ಈ ಕೊಂಡಿ ಹಿಡ್ದು ಒಂದ್ ಮಾತಾಡಿದ್ದೆ. ಆಡಬಾರದಿತ್ತು. ನೀ ಬಾಗ್ಲಾಗಿದ್ದೆ ಅಂತ ಆಮ್ಯಾಕೆ ಗೊತ್ತಾತು. ಹೇಳಾಕೆ ಬಾಯಿ ಬರ್ಲಿಲ್ಲ" ಎಂದರು. ಮೂಗು ಒರೆಸಿಕೊಂಡು, "ಈಗ ಎಳಿ. ಎಡಗೈ ಕೆಳಗೆ ಎಳೆದ್ರೆ ಬಲಗೈ ತಾನೇ ಮ್ಯಾಲೇಳ್ತತೆ. ಮೆತ್ತಗೆ."

ಎಳೆದೆ. ನೋವಿಗೆ ಕಣ್ಣು ಕತ್ತಲಿಟ್ಟಿತು. ಕೈ ಭುಜ ದಾಟಿತು. ಅಬ್ಬಾ, ದಾಟಿತು! ಅತ್ತೆ ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದರು. ಅವರಿಗೆ ಇಪ್ಪತ್ತರವರೆಗೆ ಮಾತ್ರ ಎಣಿಕೆ ಬರುತ್ತಿತ್ತು. ಇಪ್ಪತ್ತಾದ ಮೇಲೆ "ಒಂದು" ಎಂದು ಮತ್ತೆ ಶುರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಔಷಧಿಯ ಸುತ್ತುಗಳಲ್ಲಿ ಕೂದಲು ಉದುರಿ, ಬಾಯಿ ಹುಣ್ಣಾಗಿ, ಎದ್ದು ಕೂರಲಾಗದ ದಿನಗಳು ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಕಿವಿ, ಆಮೇಲೆ ನೆತ್ತಿ, ಕೊನೆಗೊಂದು ಸಂಜೆ ನೆತ್ತಿಯ ಮೇಲೂ ನೆಟ್ಟಗೆ ನಿಂತಿತು ಕೈ. ಅತ್ತೆ ಸೆರಗಿನ ಗಂಟು ಬಿಚ್ಚಿದರು. ಸೀರೆ ಬದಲಿಸಿದಾಗೆಲ್ಲ ಮತ್ತೆ ಗಂಟು ಹಾಕಿಕೊಂಡಿದ್ದ ಬಳೆಗಳು ಅಲ್ಲೇ ಇದ್ದವು. ತೊಡಿಸಿ, ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು.

ಕೆಲಸಕ್ಕೆ ಮರಳಿದ ಮೊದಲ ದಿನ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಅತ್ತೆಯೂ ಬಸ್ಸು ಹತ್ತಿದರು. ಎಲ್ಲಿಗೆ ಎಂದರೆ, "ಸುಮ್ಕೆ, ದುರ್ಗಕ್ಕೆ" ಎಂದರು. ಹೆಂಗಸರ ಸೀಟಿನಲ್ಲಿ ಯಾರೋ ಗೊತ್ತಿಲ್ಲದ ಅಮ್ಮನ ಪಕ್ಕ ಕುಳಿತರು. ನಾನು ಬ್ಯಾಗನ್ನು ಎಡ ಹೆಗಲಿಗೆ ಹಾಕಿ ಜನರನ್ನು ಒಳಗೆ ಸರಿಸುತ್ತಿದ್ದೆ. ಅತ್ತೆ ಪಕ್ಕದವಳಿಗೆ ಹೇಳುವುದು ಕೇಳಿಸಿತು.

"ಈ ಕಂಡಕ್ಟ್ರು ನನ್ ಸೊಸಿ. ಈಗ್ತಾನೆ ಬಾಣಂತನ ಮುಗಿಸಿ ಕಳಿಸ್ತಿದೀನಿ."

"ಹೌದಾ ಅವ್ವಾ? ಕೂಸು ಏನು, ಗಂಡಾ ಹೆಣ್ಣಾ?"

ನಾನು ತಿರುಗಿ ನೋಡಿದೆ.

"ಹೆಣ್ಣು" ಎಂದರು ಅತ್ತೆ. "ಅಗಾ, ಅಲ್ಲಿ ನಿಂತೈತಲ್ಲ, ಅದೇ."

ನಾನು ಬಲಗೈ ಎತ್ತಿ ಹಗ್ಗ ಹಿಡಿದು ಎರಡು ಸಲ ಎಳೆದೆ. ಬಸ್ಸು ಹೊರಟಿತು.