ವಿಭೂತಿಯ ತಕರಾರು

ಕಮಲಾಪುರದ ಕಣ್ಣಿನ ಶಿಬಿರದಲ್ಲಿ ಒಪ್ಪಿಗೆ ಪತ್ರ ತುಂಬುವ ಸೇವೆ ನನ್ನದಾಗಿತ್ತು. ಪೊರೆ ತೆಗೆಸಬೇಕಿದ್ದ ಬುಕ್ಕಸಾಗರದ ಗಂಗಮ್ಮಜ್ಜಿ, ಹೊಸಪೇಟೆ ಆಸ್ಪತ್ರೆಯ ಬಸ್ಸು ಹೊರಡುವ ಹೊತ್ತಿಗೆ "ನಾ ಒಲ್ಲೆ" ಎಂದು ಕುಳಿತುಬಿಟ್ಟರು.

ಪತ್ರದಲ್ಲಿ ರೆಫ್ಯೂಸ್, ಡಿಕ್ಲೈನ್, ಆಬ್ಜೆಕ್ಟ್ ಎಂದು ಮೂರು ಚೌಕಗಳಿದ್ದವು. ಯಾವುದಕ್ಕೆ ಗುರುತು ಹಾಕಲಿ ಎಂದು ಡಾಕ್ಟರನ್ನು ಕೇಳಿದೆ.

"ಮೊದಲನೇದು ಖಡಕ್ಕಾಗಿ ಬ್ಯಾಡ ಅನ್ನೋದು, ಎರಡನೇದು ನಯವಾಗಿ ಬ್ಯಾಡ ಅನ್ನೋದು. ಎರಡಕ್ಕೂ ಪಟ್ಟಿಯಿಂದ ಹೆಸರು ತಗೀತೀವಿ. ಮೂರನೇದು ಬರೀ ತಕರಾರು, ಹೆಸರು ಹಂಗ ಇರ್ತೈತಿ."

"ಕಣ್ಣು ಬ್ಯಾಡ ಅಂದೋರ್ಯಾರು?" ಅಜ್ಜಿ ರೇಗಿದರು. "ಆಪರೇಷನ್ ಆದಮ್ಯಾಲ ಭಾಳ ದಿನ ತಲಿಗೆ ನೀರು ಹಾಕ್ಕೋಬಾರ್ದಂತ. ಜಳಕಿಲ್ದ ಲಿಂಗಪೂಜಿ ಹ್ಯಾಂಗ ಮಾಡ್ಲಿ, ತಂಗಿ?"

ಆ ಸಂಕಟ ನನಗೂ ಗೊತ್ತು. "ಕುತ್ತಿಗಿತನ ಜಳಕ ಮಾಡಿ ವಿಭೂತಿ ಧರಿಸ್ರಿ ಅಜ್ಜಿ, ಶಿವ ಒಪ್ಕೊಂತಾನ. ಜ್ವರ ಬಂದಾಗ ನಾನೂ ಹಂಗ ಮಾಡ್ತೀನಿ" ಎಂದೆ.

ಅಜ್ಜಿಯ ಮುಖ ಅರಳಿತು. ಅಷ್ಟರಲ್ಲಿ ಡಾಕ್ಟರು, "ಹಣಿಗೆ ಹಚ್ಚಂಗಿಲ್ರಿ, ಪುಡಿ ಕಣ್ಣಿಗೆ ಬೀಳ್ತೈತಿ. ತೋಳಿಗಷ್ಟೇ" ಎಂದರು.

ಅಜ್ಜಿ ತುಸು ಯೋಚಿಸಿ ಹೆಬ್ಬೆಟ್ಟು ಚಾಚಿದರು. "ಆಪರೇಷನ್ನಿಗೆ ಒಪ್ಪಿಗಿ ಐತಿ. ಹಣಿಗೆ ಬ್ಯಾಡ ಅಂದಿದ್ದಕ್ಕ ನನ್ನ ತಕರಾರು ಬರ್ಕೋ."

ಬರೆದುಕೊಂಡೆ. ಡಾಕ್ಟರ ಮೇಲೆ ತಕರಾರು ದಾಖಲಿಸಿ, ಅವರ ಕೈಯಿಂದಲೇ ಕಣ್ಣು ಮಾಡಿಸಿಕೊಂಡವರು ಆ ಶಿಬಿರಕ್ಕೆ ಬಂದವರಲ್ಲಿ ಗಂಗಮ್ಮಜ್ಜಿ ಒಬ್ಬರೇ.